ಕೊಂಡಿಯಿದ್ದ ಬಾಗಿಲು

ಹೊಸ ಫ್ರಿಜ್ಜು ಹೇಸರಗತ್ತೆಯ ಗಾಡಿಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿಕೊಂಡು ಬಂತು. ಸಿಯೆನಗಾ ಊರಿನ ಆ ಓಣಿಯಲ್ಲಿ ಮದುಮಗಳು ಬಂದರೂ ಅಷ್ಟು ಜನ ಬೇಲಿಗೆ ಆತುಕೊಳ್ಳುತ್ತಿರಲಿಲ್ಲ.

"ಗೋಡೆಯಿಂದ ಗೇಣು ದೂರ ನಿಲ್ಸಿ," ಎಂದಳು ಸೊಸೆ ನೆರೈದಾ. "ಮಲಗಿಸ್ಕೊಂಡು ತಂದಿದಾರೆ ಅತ್ತೆ. ಸಂಜೆವರೆಗೂ ಸುಮ್ಮನೆ ನಿಂತಿರ್ಲಿ, ಒಳಗಿನ ಎಣ್ಣೆ ಇಳಿದ್ಮೇಲೆ ಕರೆಂಟ್ ಕೊಡೋಣ."

"ಬಂದ್ಬಿಟ್ಳು ಇಂಜಿನಿಯರಮ್ಮ!" ಅತ್ತೆ ತೊಮಾಸಾ ಬೇಲಿಯವರಿಗೆಲ್ಲ ಕೇಳುವಂತೆ ನಕ್ಕಳು. "ಹಳೇದರ ಕರುಳು ಬಗೆದ ಕೈ ಹೊಸದಕ್ಕೆ ಪಾಠ ಹೇಳ್ತಿದೆ, ನೋಡ್ರೇ!"

ಅತ್ತೆಯದು ಬೋಲಿ ಮಾರುವ ಮನೆ. ಹುಣಸೆ ರಸ, ಮಾವಿನ ರಸವನ್ನು ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ತುಂಬಿ ಗಟ್ಟಿ ಮಾಡಿದರೆ ಅದೇ ಬೋಲಿ. ಮಂಜು ಬೆಳೆದು ಬೋಲಿಗಳನ್ನು ಕಚ್ಚಿ ಹಿಡಿದಾಗ ಓಣಿಯ ಎಲ್ಲ ಹೆಂಗಸರೂ ಮೀನು ಕೊಯ್ಯುವ ಚಾಕುವಿನಿಂದಲೇ ಕೆತ್ತುತ್ತಿದ್ದರು. ಕರೆಂಟ್ ತೆಗೆದು ಮಂಜು ತಾನಾಗಿ ಕರಗಲೆಂದು ಕಾಯುವ ತಾಳ್ಮೆ ಯಾರಿಗಿತ್ತು? ಹಳೇ ಫ್ರಿಜ್ಜು ಸತ್ತ ದಿನ ಮಾತ್ರ ಚಾಕು ನೆರೈದಾಳ ಕೈಯಲ್ಲಿತ್ತು. ಮೊನೆ ತಾಗಿ ತೂತಾದ ಫ್ರಿಜ್ಜಿನ ಗ್ಯಾಸ್ ನಳಿಗೆ ಹಾವು ಉಸಿರುಬಿಟ್ಟಂತೆ ಸ್ಸ್ ಎಂದಿತು. ಬೆಂಕಿ ಹತ್ತೀತೆಂದು ಅವಳು ಒಲೆಯ ಗ್ಯಾಸ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದಳು. ಅನ್ನ ಅರೆಬೆಂದದ್ದಕ್ಕೂ ಬೈಗುಳ ಬಿತ್ತು.

ಸತ್ತ ಫ್ರಿಜ್ಜು ಈಗ ಹಿತ್ತಲಿನ ಮಾವಿನ ಮರದಡಿ ನಿಂತಿತ್ತು. ಓಣಿಯ ಹಿತ್ತಲುಗಳಲ್ಲೆಲ್ಲ ಇಂಥ ಕೆಟ್ಟ ಫ್ರಿಜ್ಜುಗಳೇ ಅಕ್ಕಿ ತುಂಬಿಡುವ ಬೀರುಗಳು.

"ಇಲಿಯಲ್ಲ, ಇಲಿಯ ಅಪ್ಪ ಬಂದ್ರೂ ಈ ಕೊಂಡಿ ತೆಗೆಯೋಕಾಗಲ್ಲ," ಎಂದು ತೊಮಾಸಾ ಬಾಗಿಲು ದೂಡಿದಳು. ಅದು ಠಕ್ಕೆಂದು ಮುಚ್ಚಿತು.

ಆ ಸದ್ದು ನೆರೈದಾಗೆ ಹೊಸದಲ್ಲ. ಅವಳ ತೌರಿನಲ್ಲಿ, ಚಿಕ್ಕಪ್ಪನ ಮಗಳು ದಾಲ್ಬಾ ಕಣ್ಣಾಮುಚ್ಚಾಲೆ ಆಡುತ್ತ, ಒಳಗಿನಿಂದ ತೆರೆಯಲಾಗದ ಇಂಥದೇ ಪೆಟ್ಟಿಗೆ ಹೊಕ್ಕಿದ್ದಳು. ಊರೆಲ್ಲ ಕೆರೆಯಂಚಿನಲ್ಲಿ ಹೆಸರು ಹಿಡಿದು ಕೂಗುತ್ತಿತ್ತು. ಒಳಗಿನ ಕೂಗು ಕೇಳಲು ಆ ಬಾಗಿಲಿಗೆ ಕಿವಿಯಿರಲಿಲ್ಲ. ದಾಲ್ಬಾಗೆ ಆಗ ಐದು ವರ್ಷ. ಈಗ ನೆರೈದಾಳ ಮಗಳು ಮರೆಲ್‌ಗೆ ನಾಲ್ಕು.

"ಅತ್ತೆ, ಇದರ ಬಾಗಿಲು ಬಿಚ್ತೀನಿ."

"ಮುಟ್ಟಿ ನೋಡು!"

"ಮಗು ಹೊಕ್ಕರೆ?"

"ಬೀಗ ಹಾಕ್ತೀನಿ ಕಣೇ."

"ಮರೆತ ದಿನ?"

"ನಾನು ಮರೆಯಲ್ಲ. ನಿನ್ನ ಥರ ಬುದ್ಧಿಗೇಡಿ ಅಲ್ಲ."

ನೆರೈದಾ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದಳು. ತುಕ್ಕು ಹಿಡಿದ ತಿರುಪುಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟು ತಿರುವತೊಡಗಿದಳು.

ಪಕ್ಕದ ಮನೆಯ ಎಲೋಯಿನಾ ಬೇಲಿಯಾಚೆಯಿಂದ ಕತ್ತು ಚಾಚಿದಳು. "ತೊಮಾಸಾ, ನಿನ್ನ ಸೊಸೆ ಬಾಗಿಲು ಕಿತ್ತು ಹೊಸ ಮಂಚ ಮಾಡ್ತಾಳೇನೇ?"

"ಮನೆಹಾಳಿ ಕಣೇ ಇವಳು!" ತೊಮಾಸಾ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಕೇಳಿಸ್ಕೋ. ಈ ಬಾಗಿಲು ಕೆಳಗೆ ಬಿದ್ರೆ, ನಿನ್ನ ಒಂದು ಲೋಟನೂ ನನ್ನ ಹೊಸ ಫ್ರಿಜ್ಜೊಳಗೆ ಬರಲ್ಲ. ಮಗಳ ಹಾಲೂ ಅಷ್ಟೇ. ನನ್ನ ಮಗ ದೋಣಿಯಿಂದ ಬಂದು ಕಾಲು ಹಿಡಿದ್ರೂ ಅಷ್ಟೇ."

ಈ ಬಿಸಿಲಿಗೆ ಹಾಲು ಮಧ್ಯಾಹ್ನದೊಳಗೆ ಒಡೆಯುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

"ಎರಡೆರಡು ಸಲ ಕಾಯಿಸ್ತೀನಿ," ಎಂದಳು ನೆರೈದಾ. "ಸರೀರಿ."

ತೊಮಾಸಾ ಸರಿಯಲಿಲ್ಲ. ಕೊನೆಯ ತಿರುಪು ಕಳಚಿದಾಗ ಬಾಗಿಲಿನ ಭಾರವೆಲ್ಲ ಬೆನ್ನಿಗೆ ಬಂತು. ಆಗ ಹಾರಿ ಸರಿದಳು. ಬಾಗಿಲು ಧಡಾರನೆ ಮಣ್ಣಿಗೆ ಬಿತ್ತು. ಎಲೋಯಿನಾ ಕಿಸಕ್ಕನೆ ನಕ್ಕಳು. ತೊಮಾಸಾ ಉಗುಳಿ ಒಳಗೆ ಹೋದಳು.

ನಾಲ್ಕು ದಿನ ಅತ್ತೆಸೊಸೆಗೆ ಮಾತಿಲ್ಲ. ನೆರೈದಾ ದಿನಕ್ಕೆರಡು ಸಲ ಹಾಲು ಕಾಯಿಸಿದಳು. ಐದನೆಯ ದಿನ ಊಟವಾದ ಮೇಲೆ ತೊಮಾಸಾ ಅಕ್ಕಿಯ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಹಿತ್ತಲಿಗೆ ನಡೆದಳು. ಬಟ್ಟೆ ಒಣಹಾಕುತ್ತಿದ್ದ ನೆರೈದಾ ಅವಳು ತಟ್ಟನೆ ನಿಂತದ್ದನ್ನು ಕಂಡಳು.

ಪೆಟ್ಟಿಗೆಯೊಳಗೆ ಮರೆಲ್ ಮಂಡಿ ಮಡಚಿ, ಬಾಯಿ ತೆರೆದು, ಬೆವರುತ್ತ ನಿದ್ದೆಹೋಗಿದ್ದಳು. ಮಾವಿನೆಲೆಯ ನೆರಳು ಕೆನ್ನೆಯ ಮೇಲೆ ಆಡುತ್ತಿತ್ತು. ತೊಮಾಸಾಳ ಕಣ್ಣು ತಿರುಪು ಕಳಚಿದ ತೂತುಗಳತ್ತ ಹೋಯಿತು. ಚೀಲ ಸೊಂಟದಿಂದ ಜಾರುತ್ತಿದ್ದರೂ ಅವಳು ಅದನ್ನು ಇಳಿಸಲಿಲ್ಲ.

"ಏ!" ಎಂದು ಕೊನೆಗೆ ಕಿರುಚಿದಳು. ದನಿ ಒಡೆದಿತ್ತು. "ನಿನ್ನ ಕೂಸನ್ನ ಎತ್ಕೊಂಡು ಹೋಗೇ. ನನ್ನ ಅಕ್ಕಿಗೆ ಜಾಗ ಬೇಕು."

ನೆರೈದಾ ಮಗುವನ್ನು ಹೆಗಲಿಗೆ ಹಾಕಿಕೊಂಡಳು.

"ಇಲಿ ತಿಂದ್ರೆ ನಿನ್ನ ಪಾಲಿನದೇ ತಿನ್ನೋದು, ತಿಳ್ಕೋ!"

"ತಿನ್ನಲಿ ಬಿಡಿ ಅತ್ತೆ," ಎಂದಳು ನೆರೈದಾ. "ಹೊಟ್ಟೆತುಂಬ ತಿನ್ನಲಿ."