ಇಲ್ಲಿ ಯಾರೂ ಇಲ್ಲ

ನಮ್ಮ ರಂಗಮಂದಿರಕ್ಕೆ ಬುದ್ಧಿ ಬಂದದ್ದು ಹೋದ ವರ್ಷ. ಅದಕ್ಕೂ ಮೊದಲು ಅದು ನಮ್ಮಂತೆಯೇ ದಡ್ಡ ಕಟ್ಟಡ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಇಷ್ಟು ಸುಲಭವಾಗಿ ಕೆಲಸವಾಗುವುದು ನಮ್ಮ ಅಧ್ಯಕ್ಷರಿಗೆ ಸರಿಬರಲಿಲ್ಲ. ಯಾವುದೋ ಕಂಪನಿಯವರನ್ನು ಕರೆಸಿ ಚಾವಣಿಯ ತುಂಬ ಸೆನ್ಸರು ಕೂರಿಸಿದರು, ಸ್ವಿಚ್ಚುಗಳನ್ನೆಲ್ಲ ಕೀಳಿಸಿ ಗೋಡೆಗೆ ಬಣ್ಣ ಹೊಡೆಸಿದರು. ದೀಪ, ಏಸಿ, ಪರದೆ ಎಲ್ಲವೂ ಒಂದೇ ಯಂತ್ರದ ಕೈಗೆ ಹೋದವು.

ಆ ಯಂತ್ರದ ತಿಳಿವಳಿಕೆ ಬಹಳ ದೊಡ್ಡದು. ಜನ ಅಲುಗಾಡಿದರೆ ಇದ್ದಾರೆ, ಅಲುಗಾಡದಿದ್ದರೆ ಇಲ್ಲ. ಸ್ವಲ್ಪ ಹೊತ್ತು ಯಾರೂ ಮಿಸುಕದಿದ್ದರೆ ಸಕ್ಕರೆಯಂಥ ಹೆಣ್ಣುದನಿಯಲ್ಲಿ, "ಇಲ್ಲಿ ಯಾರೂ ಇಲ್ಲ. ದೀಪಗಳನ್ನು ಆರಿಸಲಾಗುತ್ತಿದೆ. ಧನ್ಯವಾದಗಳು" ಎಂದು ಹೇಳಿ ಕತ್ತಲು ಮಾಡುತ್ತಿತ್ತು. ಆ ಧನ್ಯವಾದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಯಜಮಾನರು ಆ ಮಂದಿರದ ಮ್ಯಾನೇಜರು. ಅವರಂತೂ ಯಂತ್ರವನ್ನು ತಲೆಯ ಮೇಲೆ ಹೊತ್ತು ಮೆರೆದರು. ಊಟಕ್ಕೆ ಕೂತರೂ ಅದರದೇ ಮಾತು. "ಎಷ್ಟು ಸೂಕ್ಷ್ಮ ಗೊತ್ತೇನೇ, ಒಂದು ಬೆರಳಾಡಿಸಿದ್ರೂ ಗೊತ್ತಾಗುತ್ತೆ" ಎನ್ನುವರು. ನಾನು ಎದುರಿಗೆ ಅನ್ನದ ಪಾತ್ರೆ ಹಿಡಿದು ನಿಂತಿರುವುದು ಮಾತ್ರ ಅವರಿಗೆ ಗೊತ್ತಾಗುತ್ತಿರಲಿಲ್ಲ. ಬಂದವಳೇ ಮನೆಯೆಲ್ಲ ಕೈಗೆ ತೆಗೆದುಕೊಂಡಳೆಂದು ಮೇಕಪ್ಪಿನ ಅಣ್ಣ ಯಂತ್ರಕ್ಕೆ ಸೊಸೆ ಎಂದು ಹೆಸರಿಟ್ಟ. ಕಣ್ಣಿಗೆ ಕಾಡಿಗೆ ತೀಡುವಾಗ ಕೈ ಅಲುಗದಂತೆ ಉಸಿರು ಬಿಗಿಹಿಡಿದು ನಿಲ್ಲಬೇಕಲ್ಲ, ಅಷ್ಟರಲ್ಲಿ ಸೊಸೆ ದೀಪ ಆರಿಸುತ್ತಿದ್ದಳು. ಅದಕ್ಕೇ ಪುಣ್ಯಾತ್ಮ ಸೊಂಟ ಕುಣಿಸುತ್ತಾ ಕಾಡಿಗೆ ತೀಡುವುದನ್ನು ಕಲಿತ. ಆ ಕಾಲದಲ್ಲಿ ನಮ್ಮ ನಾಯಕಿಯರ ಹುಬ್ಬುಗಳೆಲ್ಲ ಹಾವು ಹರಿದ ಹಾಗೆ ಇದ್ದವು.

ಅಧ್ಯಕ್ಷರ ಕೊಠಡಿಯಲ್ಲೂ ಅದೇ ಕಥೆ. ಆದರೆ ಅವರು ಕೈ ಬೀಸುವವರಲ್ಲ, ಬೀಸಿಸುವವರು. ಅವರು ಕಡತ ನೋಡುವಾಗ ನಮ್ಮವರು ಬಾಗಿಲ ಬಳಿ ನಿಂತು ಆಗಾಗ ಕೈ ಬೀಸಬೇಕು. ಇದಕ್ಕೇ ಇರಬೇಕು ಡಿಗ್ರಿ ಓದಿದ್ದು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ಹೊತ್ತಿಗೆ ನನಗೊಂದು ಪಾತ್ರ ಸಿಕ್ಕಿತು.

ನಾನು ನಟಿ. ಬಹಳ ಕಾಲದಿಂದ ಪಕ್ಕದ ಮನೆಯವಳು, ನರ್ಸು, ನಾಯಕನ ಅತ್ತಿಗೆ. "ಕಾಫಿ ತಗೊಳ್ಳಿ" ಎಂದು ಲೋಟ ಇಟ್ಟು ಒಳಗೆ ಹೋಗುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಈಗ ಮೊದಲ ಸಲ ಪರದೆ ಏಳುವುದೇ ನನ್ನ ಮೇಲೆ. ಗಂಡ ಸತ್ತ ಹೆಂಗಸೊಬ್ಬಳು ಆಸ್ಪತ್ರೆಯಿಂದ ಅವನ ಬಟ್ಟೆಯ ಚೀಲ ತಂದು, ಒಬ್ಬಳೇ ಕೂತು ಅವನ ಅಂಗಿ ಮಡಿಚುತ್ತಾಳೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಒಂದೇ ಒಂದು ಮಾತು. ನಾಟಕದ ಜೀವವೆಲ್ಲ ಆ ಮೌನದಲ್ಲಿ ಇತ್ತು. ಮಂದಿರದ ವೇಷದ ಪೆಟ್ಟಿಗೆಯಲ್ಲಿದ್ದ ಅಂಗಿ ಹೊಸದರಂತೆ ಗರಿಗರಿಯಾಗಿತ್ತೆಂದು, ನಮ್ಮವರ ಹಳೆಯ ನೀಲಿ ಅಂಗಿಯನ್ನೇ ಅವರಿಗೆ ಹೇಳದೆ ಕೇಳದೆ ತಂದಿಟ್ಟುಕೊಂಡೆ. ತಾಲೀಮಿಗೆಲ್ಲ ಬರಿಯ ಟವೆಲು.

ತೊಂದರೆ ಏನೆಂದರೆ, ಅಧ್ಯಕ್ಷರು ಯಾವ ನಾಟಕ ಮುಂದುವರಿಯಬೇಕು ಎನ್ನುವುದನ್ನೂ ಸೊಸೆಗೇ ಬಿಟ್ಟಿದ್ದರು. ಮೊದಲ ಪ್ರದರ್ಶನದಲ್ಲಿ ಸಭಾಂಗಣ ತುಂಬಿತ್ತೆಂದು ಅವಳ ವರದಿ ಹೇಳಿದರೆ ನಾಟಕ ಉಂಟು, ಇಲ್ಲದಿದ್ದರೆ ಅಲ್ಲಿಗೇ ಮಂಗಳ. ನನ್ನ ಪಾತ್ರವೂ ಅದರ ಜೊತೆಗೇ ಮಣ್ಣುಪಾಲು.

ತಾಲೀಮಿನಲ್ಲೇ ಗ್ರಹಚಾರ ಕಂಡಿತು. ನಾನು ಟವೆಲು ಮಡಿಚುತ್ತಿದ್ದೆ, ನಿರ್ದೇಶಕ ಕೆಳಗೆ ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ, ದೀಪ ಆರಿತು. ಧನ್ಯವಾದಗಳು.

"ರಂಗದ ಮೇಲೆ ನಾನು ಕೂತಿದ್ದೀನಲ್ರೀ, ನಾನು ಲೆಕ್ಕಕ್ಕಿಲ್ವಾ?" ಎಂದು ಯಜಮಾನರನ್ನು ಕೇಳಿದೆ.

"ಸಭಾಂಗಣದಲ್ಲಿ ಸೆನ್ಸರು ಇರೋದು ಕುರ್ಚಿಗಳ ಮೇಲಿನ ಚಾವಣಿಗೆ ಮಾತ್ರ ಕಣೇ. ನೋಡೋರೇ ಇಲ್ಲ ಅಂದ್ಮೇಲೆ ದೀಪ ಯಾಕೆ ಅಂತ ಕಂಪನಿಯವರ ವಾದ."

"ಒಂದು ಸಂಜೆ ಆರಿಸಿಡಿ ಆ ಮಹಾರಾಣೀನ."

"ಅವಳನ್ನ ಆರಿಸಿದ್ರೆ ರಂಗದ ದೀಪಾನೂ ಹತ್ತಲ್ಲ. ಎಲ್ಲಾ ಅವಳ ಕೈಲೇ ಇದೆ."

ಕಂಪನಿಗೆ ಫೋನು ಮಾಡಿದರೆ ಅಲ್ಲೂ ಅದೇ ಸಕ್ಕರೆ ದನಿ. ಕೊನೆಗೆ ಯಜಮಾನರೇ ಉಪಾಯ ಹೂಡಿದರು. ತಾವೇ ಹಿಂದಿನ ಸಾಲಿನ ಹಿಂದೆ ನಿಂತು ಕೈ ಬೀಸುವುದಾಗಿ ಹೇಳಿದರು. ಅಲ್ಲೊಂದು ಚೂಟಿಯಾದ ಸೆನ್ಸರು ಇದೆಯಂತೆ, ಅದೊಂದು ಎಚ್ಚರವಿದ್ದರೆ ಇಡೀ ಸಭಾಂಗಣ ತುಂಬಿದ ಲೆಕ್ಕವಂತೆ. ಹಾಗೇ ಬೀಸಿದರು. ನಾನು ಗಂಡನನ್ನು ಕಳೆದುಕೊಂಡು ಕೂತಿದ್ದರೆ ದೂರದಲ್ಲಿ ನನ್ನ ನಿಜವಾದ ಗಂಡ ಕಾಗೆ ಓಡಿಸುತ್ತಿದ್ದರು.

"ನಾನಿಲ್ಲಿ ಅಳ್ತಾ ಇದ್ದೀನಿ, ನೀವಲ್ಲಿ ಬಸ್ಸು ನಿಲ್ಲಿಸ್ತಿದ್ದೀರಿ" ಎಂದು ಮನೆಗೆ ಬಂದು ಕೂಗಾಡಿದೆ.

"ನನ್ನ ಕಡೆ ಯಾಕೆ ನೋಡ್ತೀಯ? ನಿನ್ನ ಪಾಡಿಗೆ ನೀನು ಅಳು" ಎಂದರು. ಆಮೇಲೆ ಮೆಲ್ಲಗೆ, "ನಿನ್ನ ನಾಟಕ ನಿಲ್ಲೋಕೆ ಬಿಡಲ್ಲ ಕಣೇ. ತೋಳು ಬಿದ್ದುಹೋದ್ರೂ ಬೀಸ್ತೀನಿ" ಎಂದರು. ಆ ಮಾತಿಗೆ ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಇನ್ನೂ ನಾಲ್ಕು ಬೈದೆ.

ಮೊದಲ ಪ್ರದರ್ಶನದ ಸಂಜೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮೊದಲು ಅಧ್ಯಕ್ಷರ ಭಾಷಣ. ಜನ ಆಕಳಿಸಿದರು, ಮೈ ಮುರಿದರು, ಕಾಲು ಬದಲಾಯಿಸಿದರು, ಬಾಗಿಲ ಕಡೆ ತಿರುತಿರುಗಿ ನೋಡಿದರು. ಸೊಸೆಗೆ ಹಬ್ಬವೋ ಹಬ್ಬ. ಇಂಥ ತುಂಬಿದ ಸಭೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅಧ್ಯಕ್ಷರು ಹಾರ ಹಾಕಿಸಿಕೊಂಡು, ನಾಟಕ ನೋಡುವಂಥ ತಪ್ಪು ಮಾಡದೆ ಮನೆಗೆ ಹೋದರು.

ಪರದೆ ಎದ್ದಿತು. ಚೀಲದಿಂದ ನೀಲಿ ಅಂಗಿ ತೆಗೆದೆ. ಕಾಲರು ನೆಟ್ಟಗೆ ಮಾಡಿದೆ. ಒಂದು ತೋಳು ಮಡಿಚಿದೆ. ಯಾರೋ ಕೆಮ್ಮುತ್ತಿದ್ದವರು ನಿಲ್ಲಿಸಿದರು. ಇನ್ನೊಂದು ತೋಳು ಮಡಿಚುವಾಗ ಬೇಡ ಬೇಡವೆಂದರೂ ಕಣ್ಣು ಹಿಂದಿನ ಸಾಲಿನತ್ತ ಹೋಯಿತು. ಕೈ ಕಾಣಲಿಲ್ಲ.

"ಇಲ್ಲಿ ಯಾರೂ ಇಲ್ಲ. ದೀಪಗಳನ್ನು ಆರಿಸಲಾಗುತ್ತಿದೆ. ಧನ್ಯವಾದಗಳು."

ಗವ್ವೆನ್ನುವ ಕತ್ತಲು. ಕೈಹಿಡಿದ ಗಂಡನೇ ನನ್ನನ್ನು ಮುಳುಗಿಸಿದರೆಂದು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಶಪಿಸಿದೆ. ಈಗ ಗಲಾಟೆ ಏಳುತ್ತದೆ, ಶಿಳ್ಳೆ ಬೀಳುತ್ತದೆ ಎಂದು ಕಾದೆ. ಯಾರೂ ಉಸಿರೆತ್ತಲಿಲ್ಲ. ಕುರ್ಚಿ ಕಿರ್ರೆನ್ನಲಿಲ್ಲ. ಎಲ್ಲರೂ ಅಲ್ಲೇ ಇದ್ದರು, ನನ್ನ ಜೊತೆಗೇ ಕತ್ತಲಲ್ಲಿ ಕೂತಿದ್ದರು. ನಾನು ತಡವರಿಸುತ್ತಾ ಅಂಗಿಯ ಕೊನೆಯ ಮಡಿಕೆ ಹಾಕಿ ನನ್ನ ಆ ಒಂದು ಮಾತು ಹೇಳಿದೆ:

"ಗುಂಡಿ ಹಾಕ್ಕೊಳ್ಳೋಕೂ ಬರ್ತಿರಲಿಲ್ಲವಲ್ರೀ ನಿಮಗೆ."

ಯಾರೋ ಬಿಕ್ಕಿದರು. ಆಮೇಲೆ ಚಪ್ಪಾಳೆ. ಸೊಸೆ ಬೆಚ್ಚಿಬಿದ್ದು ಇದ್ದಬದ್ದ ದೀಪವನ್ನೆಲ್ಲ ಹತ್ತಿಸಿದಳು. ಹಿಂದಿನ ಸಾಲಿನ ಹಿಂದೆ ನಮ್ಮವರು ಎರಡೂ ಕೈ ಇಳಿಬಿಟ್ಟುಕೊಂಡು ಗೊಂಬೆಯಂತೆ ನಿಂತಿದ್ದರು. ಅವತ್ತು ಮನೆಯಲ್ಲಿ ನಾನು ಅವರೊಡನೆ ಮಾತಾಡಲಿಲ್ಲ. ಅವರೂ ಆಡಲಿಲ್ಲ.

ಮರುದಿನ ಅಧ್ಯಕ್ಷರು ನಮ್ಮಿಬ್ಬರನ್ನೂ ಕರೆಸಿದರು. ಕೊಠಡಿಗೆ ದಪ್ಪ ಪರದೆಗಳು, ಅವುಗಳನ್ನು ಸರಿಸುವವಳೂ ಸೊಸೆಯೇ. "ನೋಡಿ, ನನ್ನ ಭಾಷಣಕ್ಕೆ ಸಭಾಂಗಣ ತುಂಬಿ ತುಳುಕಿದೆ. ನಿಮ್ಮ ನಾಟಕ ಶುರುವಾಗ್ತಿದ್ದ ಹಾಗೇ ಒಬ್ಬರೂ ಉಳಿದಿಲ್ಲ ಅಂತಿದೆ ವರದಿ. ಕಲೆ ಜನರನ್ನ ಹಿಡಿದಿಡಬೇಕಮ್ಮಾ. ನಿಲ್ಲಿಸಿಬಿಡೋಣ" ಎಂದು ಮತ್ತೆ ತಮ್ಮ ಭಾಷಣದ ಅಂಕಿಯನ್ನೇ ಕಣ್ತುಂಬ ನೋಡುತ್ತಾ ಕೂತರು.

ಬಾಗಿಲ ಬಳಿ ನಮ್ಮವರು ಕಲ್ಲಿನಂತೆ ನಿಂತಿದ್ದರು. ಯಾರೂ ಅಲುಗಲಿಲ್ಲ.

"ಇಲ್ಲಿ ಯಾರೂ ಇಲ್ಲ. ದೀಪಗಳನ್ನು ಆರಿಸಲಾಗುತ್ತಿದೆ. ಧನ್ಯವಾದಗಳು."

"ರೀ ಮ್ಯಾನೇಜರೇ, ಕೈ ಬೀಸ್ರೀ" ಎಂದರು ಅಧ್ಯಕ್ಷರು ಕತ್ತಲಲ್ಲಿ.

ಯಜಮಾನರ ದನಿ ಬಂತು. "ಯಾರು ಮಾತಾಡ್ತಿರೋದು? ಇಲ್ಲಿ ಯಾರೂ ಇಲ್ಲ ಅಂತ ಈಗ ತಾನೇ ಹೇಳ್ತಲ್ಲ."

"ಏನ್ರೀ ಇದು ತಮಾಷೆ! ನಾನಿಲ್ಲಿ ಕೂತಿಲ್ವಾ?"

"ನಿನ್ನೆ ಆ ಜನಾನೂ ಹಿಂಗೇ ಕೂತಿದ್ರು ಸಾರ್."

ಇಷ್ಟು ವರ್ಷದಲ್ಲಿ ಅವರು ಯಾರಿಗೂ ಎದುರುತ್ತರ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೀಪ ಹತ್ತಿತು. ಅಧ್ಯಕ್ಷರು ಪಾಠ ಬಾರದ ಹುಡುಗನಂತೆ ಒಂದು ಕೈ ಮೇಲೆತ್ತಿ ಕೂತಿದ್ದರು. ಅದನ್ನು ಇಳಿಸಿ, ಗಂಟಲು ಸರಿಮಾಡಿಕೊಂಡು, "ಆಯ್ತು, ಆಡಿ. ಈ ವರದಿ ವಿಷಯ ಹೊರಗೆಲ್ಲೂ ಬೇಡ" ಎಂದರು.

ಮೆಟ್ಟಿಲಿಳಿಯುವಾಗ ನಾನು ಕೇಳಿಯೇಬಿಟ್ಟೆ. "ತೋಳು ಬಿದ್ದುಹೋದ್ರೂ ಬೀಸ್ತೀನಿ ಅಂದ್ರಲ್ಲ, ನಿನ್ನೆ ಏನಾಗಿತ್ತು ನಿಮಗೆ?"

ಅವರು ಕಂಬಿ ಹಿಡಿದು ನಿಂತರು. "ಅದು ನನ್ನ ನೀಲಿ ಅಂಗಿ ಅಲ್ವೇನೇ? ನಾನು ಹೋದ್ಮೇಲೆ ಹಿಂಗೇ ಮಡಿಚ್ತಾಳೆ ಇವಳು ಅಂತ ನೋಡ್ತಾ ನಿಂತ್ಬಿಟ್ಟೆ. ಕೈ ಇರೋದೇ ಮರೆತುಹೋಯ್ತು."

ಅವರ ಅಂಗಿಯ ಗುಂಡಿಗಳು ಆ ದಿನವೂ ಒಂದು ಕಾಜ ತಪ್ಪಿ ಸೊಟ್ಟಗೆ ಕೂತಿದ್ದವು. ಮೆಟ್ಟಿಲ ನಡುವೆಯೇ ಎಲ್ಲ ಬಿಚ್ಚಿ ಮೊದಲಿಂದ ಹಾಕತೊಡಗಿದೆ.

"ಸುಮ್ನೆ ನಿಂತ್ಕೊಳ್ರೀ, ಅಲುಗಾಡಬೇಡಿ" ಎಂದೆ.