ಕುಷ್ಟನ ದೋಣಿಯ ಹಲಗೆ

ಸಂಘದವರನ್ನು ಬಯ್ಯುವಂತಿಲ್ಲ ಮಾರಾಯ್ರೆ. ಕರಾವಳಿಯ ವಸ್ತುಸಂಗ್ರಹಾಲಯಗಳನ್ನು ನೋಡಿಕೊಳ್ಳುವವರೇ ಸೇರಿ ಕಟ್ಟಿದ ಸಂಘ ಅದು. ಹಂಗಾರಕಟ್ಟೆಯ ಸುಗುಣಳ ಹಾಗೆ ಒಬ್ಬಂಟಿಯಾಗಿ ಒದ್ದಾಡುವವರಿಗೆ ಗೆದ್ದಲಿಗೆ ಯಾವ ಮದ್ದು, ಹಳೆಯ ಬಲೆಯನ್ನು ಹೇಗೆ ಮಡಚಬೇಕು ಎಂದು ತಾಳ್ಮೆಯಿಂದ ಹೇಳಿಕೊಡುತ್ತಿದ್ದರು. ವರ್ಷಕ್ಕೊಂದು ಊರನ್ನು ಆರಿಸಿ ಸೋರುವ ಮಾಡು ಸರಿಮಾಡಿಸಿ, ಗಾಜಿನ ಪೆಟ್ಟಿಗೆಗಳನ್ನೂ ಕೊಡುತ್ತಿದ್ದರು. ೨೦೦೮ರಲ್ಲಿ ಸರದಿ ತನ್ನದಾಗಬೇಕೆಂದು ಸುಗುಣ ಹರಕೆ ಹೊತ್ತುಕೊಂಡಿದ್ದಳು. ಹಂಚು ಸೋರುತ್ತಿತ್ತು, ಮರದ ಹುಟ್ಟುಗಳ ಒಳಗೆ ಗೆದ್ದಲು ಸಂಸಾರ ಹೂಡಿತ್ತು. ಇನ್ನೊಂದು ಮಳೆಗಾಲ ಕಳೆದರೆ ಅವಳ ಮ್ಯೂಸಿಯಂ ಸೌದೆ ಕೊಟ್ಟಿಗೆಯೇ.

ಇದ್ದುದರಲ್ಲಿ ಜನ ನಿಂತು ನೋಡುವ ವಸ್ತು ಒಂದೇ, ಕುಷ್ಟನ ದೋಣಿಯ ಮುಂತುದಿಯ ಹಲಗೆ. ಹತ್ತು ವರ್ಷದ ಹಿಂದೆ ಗಾಳಿಗೆ ಸಿಕ್ಕಿ ದೋಣಿ ಹೋಯಿತು, ಕುಷ್ಟ ಹೋದ, ಹಲಗೆ ಮಾತ್ರ ಕೋಡಿಯ ಕಡಲತಡಿಯ ಮರಳಿಗೆ ಬಂದು ಬಿತ್ತು. ಹೆಣ ಸಿಗಲಿಲ್ಲ. ಹೆಣ ಸಿಗದ ಮೇಲೆ ಗಂಡ ಸತ್ತನೆಂದು ಒಪ್ಪಲು ಹೆಂಡತಿ ಗುಲಾಬಿ ತಯಾರಿರಲಿಲ್ಲ. ರತ್ನಗಿರಿಯಲ್ಲಿ ಯಾರೋ ಕಂಡರಂತೆ ಎಂಬ ಒಂದು ಮಾತನ್ನು ಹಿಡಿದುಕೊಂಡು, ಕರಿಮಣಿ, ಬಳೆ, ಕುಂಕುಮ ಯಾವುದನ್ನೂ ಬಿಡದೆ ಮೀನು ಮಾರಿಕೊಂಡು ಬದುಕಿದ್ದಳು. ಬೊಜ್ಜವೂ ಆಗಿರಲಿಲ್ಲ. ಸತ್ತವನ ಕ್ರಿಯೆಯಾಗದ ಮನೆಯಲ್ಲಿ ಮದುವೆ ಹೇಗೆ ಮಾಡುವುದೆಂದು ಅವಳ ಅತ್ತೆ ಸೀತು ದಿನವೂ ಹಲ್ಲು ಕಡಿಯುತ್ತಿದ್ದಳು, ಕಿರಿಮಗ ಗೋಪಿಗೆ ಬಂದ ಎರಡು ಸಂಬಂಧ ಇದೇ ಕಾರಣಕ್ಕೆ ತಪ್ಪಿದ್ದವು.

ಹಲಗೆ ಕೊಡುವಾಗ ಗುಲಾಬಿ ಒಂದೇ ಮಾತು ಹೇಳಿದ್ದಳು. "ಸುಗುಣಕ್ಕ, ಇಟ್ಕಣಿ. ಅವ್ರ್ ಸತ್ರ್ ಅಂತ ಮಾತ್ರ ಬರೂಕಾಗ. ಹೆಣ ಕಂಡವ್ರ್ ಯಾರಿದ್ರ್?"

"ನಾ ಎಂತಕ್ಕೆ ಬರೀಲಿ?" ಎಂದಿದ್ದಳು ಸುಗುಣ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ನೆರವು ಯಾರಿಗೆಂದು ತೀರ್ಮಾನಿಸುವ ಸಮಿತಿ ಬರುವ ಮೊದಲು ಸಂಘದ ಅಧ್ಯಕ್ಷ ಗುಣಪಾಲ ಬ್ರಹ್ಮಾವರದಿಂದ ಒಬ್ಬರೇ ಬಂದು ಎಲ್ಲ ನೋಡಿದರು. ಮೆಲುದನಿಯ, ಒಳ್ಳೆಯ ಮನುಷ್ಯ. ಹಲಗೆಯ ಕೆಳಗಿದ್ದ ಚೀಟಿಯ ಮೇಲೆ ಬೆರಳಿಟ್ಟರು. 'ಕಡಲಿಗೆ ಹೋದ ಕುಷ್ಟನ ದೋಣಿಯದು' ಎಂದಿತ್ತು.

"ಕಡಲಿಗೆ ಹೋದ ಅಂದ್ರೆ? ಎಲ್ಲರೂ ಹೋಪುದೇ ಅಲ್ದಾ? ಬಂದನಾ, ಇಲ್ಲ್ಯಾ? ನೋಡುವವರಿಗೆ ಸ್ಪಷ್ಟ ಇರ್ಕ್ ಸುಗುಣ. ಸಮಿತಿಯವ್ರ್ ಮೊದ್ಲ್ ಕಾಂಬುದೇ ಇದನ್ನ."

ಸುಗುಣ ಎರಡು ದಿನ ಒದ್ದಾಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಗುಲಾಬಿಗೆ ಓದಲು ಬರುವುದಿಲ್ಲ, ಬೆಳಗಾದರೆ ಅವಳು ಮೀನಿನ ಬುಟ್ಟಿ ಹೊತ್ತು ಊರೂರು ತಿರುಗುತ್ತಾಳೆ, ಒಂದು ಚೀಟಿಯಿಂದ ಯಾರಿಗೇನು ನಷ್ಟ? ಚೆಂದದ ಅಕ್ಷರದಲ್ಲಿ ಬರೆದಳು: '೧೯೯೮ರಲ್ಲಿ ಕಡಲಿನಲ್ಲಿ ಮೃತನಾದ ಕುಷ್ಟನ ದೋಣಿಯ ಹಲಗೆ.' ಬರೆದು ಹಲಗೆಯ ಕೆಳಗೆ ಅಂಟಿಸಿಯೂ ಬಿಟ್ಟಳು, ಪಾಪಿ.

ಸಮಿತಿ ಬಂದ ದಿನ ಗಾಳಿ ಜೋರಾಗಿ ದೋಣಿಗಳು ಇಳಿಯಲಿಲ್ಲ. ದೋಣಿ ಇಳಿಯದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಕೇರಿಗೆ ಕೆಲಸವಿಲ್ಲ. ಕಾರುಗಳನ್ನು ಕಂಡದ್ದೇ ಕೇರಿಗೆ ಕೇರಿಯೇ ಮ್ಯೂಸಿಯಮ್ಮಿಗೆ ನುಗ್ಗಿತು. ಸೀತುವೂ ಬಂದಳು, ಅವಳ ಹಿಂದೆ ಗುಲಾಬಿ. ಗಾಳಿ ಎದ್ದರೆ ಗುಲಾಬಿ ಊರಲ್ಲೇ ಇರುತ್ತಾಳೆಂಬುದು ಕಡಲಿನವರ ಮನೆಯಲ್ಲೇ ಹುಟ್ಟಿ ಬೆಳೆದ ಸುಗುಣಳಿಗೆ ನೆನಪೇ ಆಗಿರಲಿಲ್ಲ ನೋಡಿ.

ಗುಣಪಾಲರು ಗೌರವದಿಂದ ಕೈಮುಗಿದು, ಎಲ್ಲರಿಗೂ ಕೇಳಲಿ ಎಂದು ಚೀಟಿಯನ್ನು ಗಟ್ಟಿಯಾಗಿ ಓದಿದರು. ಮನೆಯವರೂ ಇದ್ದಾರೆಂದು ತಿಳಿದು ಒಂದು ನಿಮಿಷ ಮೌನ ನಿಲ್ಲೋಣ ಎಂದರು. ಎಲ್ಲರೂ ತಲೆ ತಗ್ಗಿಸಿದರು.

ಸೀತು ತಗ್ಗಿಸಲಿಲ್ಲ. "ಕೇಂಡ್ಯಾ ಗುಲಾಬಿ? ಬರ್ದಿಟ್ಟಿದ್ರ್, ದೊಡ್ಡವ್ರ್ ಓದಿರ್. ನನ್ನ ಮಗ ಸತ್ತ. ಹೆತ್ತವಳು ನಾನೇ ಒಪ್ಕಂಡೆ. ಇನ್ನ್ ನಿಂಗೆಂತಕೆ ಬಳೆ, ಕರಿಮಣಿ?"

"ಸುಗುಣಕ್ಕ," ಎಂದಳು ಗುಲಾಬಿ, "ಹಾಂಗ್ ಬರೀಲಿಲ್ಲ ಅಂತ ಹೇಳಿ. ಅವ್ರ್ ತಪ್ಪ್ ಓದಿರ್ ಅಂತ ಹೇಳಿ."

ಹೇಳಬಹುದಿತ್ತು. ಚೀಟಿ ಹರಿದು ಹಾಕಿದ್ದರೂ ಆಗುತ್ತಿತ್ತು. ಸುಗುಣ ಸಮಿತಿಯವರ ಮುಖ ನೋಡಿದಳು, ಸೋರುವ ಮಾಡು ನೋಡಿದಳು. "ಸರಿಯಾಗೇ ಓದಿರ್," ಎಂದಳು.

ಸೀತು ಅಲ್ಲೇ ಸೊಸೆಯ ಕೈಹಿಡಿದು ಹಲಗೆಯ ಅಂಚಿಗೆ ಕುಟ್ಟಿದಳು. ಹಸಿರು ಗಾಜು ನೆಲಕ್ಕೆ ಚೆಲ್ಲಿತು. ಕೇರಿಯ ಹೆಂಗಸರಲ್ಲಿ ಇಬ್ಬರು ಸಹಾಯಕ್ಕೆ ಹೋದರು, ಗುಲಾಬಿಗಲ್ಲ, ಸೀತುವಿಗೆ. ಕರಿಮಣಿ ಬಿಚ್ಚಲು ಒಬ್ಬಳಿಂದ ಆಗುವುದಿಲ್ಲ. ಸಮಿತಿಯವರು ಇದು ಇಲ್ಲಿನ ಪದ್ಧತಿಯಿರಬೇಕೆಂದು ಅಂಗಳಕ್ಕೆ ಸರಿದು ನಿಂತರು. ಒಬ್ಬರು ಎಳನೀರು ಸಿಗುತ್ತದೆಯೇ ಎಂದು ಕೇಳಿದರು.

ಆ ವರ್ಷದ ನೆರವು ಹಂಗಾರಕಟ್ಟೆಗೇ ಬಂತು. ಬೊಜ್ಜವಾಯಿತು, ಗೋಪಿಯ ಮದುವೆಯೂ ಆಯಿತು. ಆ ಮದುವೆಯಲ್ಲಿ ಗುಲಾಬಿ ಹಿತ್ತಲಲ್ಲಿ ಪಾತ್ರೆ ತೊಳೆದಳು.

ಹೊಸ ಮಾಡಿನ ಮ್ಯೂಸಿಯಂ ಉದ್ಘಾಟನೆಗೆ ಗುಣಪಾಲರು ಹಠ ಹಿಡಿದು ಗುಲಾಬಿಯನ್ನು ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದರು, 'ದಿವಂಗತ ಕುಷ್ಟನ ಧರ್ಮಪತ್ನಿ' ಎಂದು ಶಾಲು ಹೊದಿಸಿದರು. ಅವಳು ಗಾಜಿನೊಳಗಿನ ಹಲಗೆಯನ್ನೇ ನೋಡುತ್ತ ಕೂತಿದ್ದಳು. ಮುಟ್ಟಲು ಈಗ ಆಗುವುದಿಲ್ಲ, ಬೀಗವಿದೆ.

ದೀಪ ಹಚ್ಚಿದ ಮೇಲೆ ಸುಗುಣ ಹೂವು, ಕುಂಕುಮದ ತಟ್ಟೆ ಹಿಡಿದು ಹೆಂಗಸರ ಸಾಲಿಗೆ ಬಂದಳು. ಒಬ್ಬೊಬ್ಬರ ಹಣೆಗೆ ಹಚ್ಚುತ್ತ, ನಗುತ್ತ ಬಂದಳು. ಗುಲಾಬಿಯ ಎದುರು ಬಂದಾಗ ಯೋಚಿಸಲೂ ಇಲ್ಲ, ಕೈ ಅವಳನ್ನು ದಾಟಿ ಪಕ್ಕದವಳ ಹಣೆಗೆ ಹೋಯಿತು.

ಗುಲಾಬಿ ತಲೆಯೆತ್ತಿದಳು. "ಅತ್ತೆ ಬಿಡಿ, ಅವ್ರಿಗೆ ಗೋಪಿ ಮದಿ ಮಾಡೂಕಿತ್ತ್," ಎಂದಳು, ಪಕ್ಕದವಳಿಗೂ ಕೇಳದಷ್ಟು ಮೆಲ್ಲಗೆ. "ನೀವ್ ಬರ್ದದ್ದನ್ನ ನೀವೂ ನಂಬಿದ್ರಿಯಲೆ, ಸುಗುಣಕ್ಕ."

ಹಿಂದಿನ ಸಾಲಿನ ಹೆಂಗಸರು ಹಣೆ ಮುಂದೆ ಮಾಡಿ ಕಾಯುತ್ತಿದ್ದರು, ಸುಗುಣ ತಟ್ಟೆ ಹಿಡಿದು ಅತ್ತ ಹೋದಳು.