ಮೇಷ್ಟ್ರ ಮೂಗಿನ ತಕರಾರು

ಎಲ್ಲಿಂದ ಶುರು ಮಾಡುವುದು? ಮೂಗಿನಿಂದಲೇ ಮಾಡೋಣ. (ಮೊದಲ ಕರಡು ಸೂರ್ಯೋದಯದಿಂದ ಶುರುವಾಗಿತ್ತು. ಕಥೆಗಾರನಿಗೇ ಆಕಳಿಕೆ ಬಂದು ಅದು ಕಸದ ಬುಟ್ಟಿ ಸೇರಿತು.)

೧
ಮೇಷ್ಟ್ರು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವರು. ವರ್ಷಗಟ್ಟಲೆ ಆಸಿಡ್ಡಿನ ಹೊಗೆ ಕುಡಿದರೂ ಒಂದು ಸೀನು ಸೀನದ ಮನುಷ್ಯ. ಲ್ಯಾಬಿಗೆ ಪೇಂಟ್ ಹೊಡೆಸಿದ ವಾರ ತಲೆ ಸಿಡಿಯತೊಡಗಿತು. ಪೇಂಟಿನ ವಾಸನೆ ಹೋಯಿತು, ತಲೆನೋವು ಹೋಗಲಿಲ್ಲ. ಆಮೇಲೆ ಫಿನಾಯಿಲು, ಸೋಪಿನ ಪುಡಿ, ಪೌಡರು, ಒಂದೊಂದಾಗಿ ಎಲ್ಲವೂ ಉಸಿರು ಕಟ್ಟಿಸತೊಡಗಿದವು. ನೀರೂ ಕೆಮಿಕಲ್ಲೇ ಎಂದು ಪಾಠ ಮಾಡಿದವರಿಗೇ ಈಗ ಕೆಮಿಕಲ್ ಆಗುವುದಿಲ್ಲವಂತೆ ಎಂದು ಸ್ಟಾಫ್ ರೂಮು ನಕ್ಕಿತು.

ಹೆಂಡತಿ ದೊಡ್ಡ ಹೋಟೆಲಿನಲ್ಲಿ ರಿಸೆಪ್ಶನಿಸ್ಟ್. ಅಲ್ಲಿ ಸೆಂಟು ಯೂನಿಫಾರ್ಮಿನ ಭಾಗ. ಮೇಷ್ಟ್ರು ದಿಂಬು ಹಿಡಿದು ಹಾಲಿನ ಸೋಫಾಕ್ಕೆ ಹೋದರು.

೨
(ಇಲ್ಲಿ ಒಂದು ಕಾರಣ ಬೇಕು.) ಮೇಷ್ಟ್ರಿಗೆ ಹೆಂಡತಿಯೇ ಅಲರ್ಜಿ ಎಂದು ಬರೆದು ಕಥೆಗಾರ ಬೀಗಿದ. ಅವಳು ಪುಟದಿಂದ ತಲೆಯೆತ್ತಿದಳು.

"ಈ ಜೋಕು ನಮ್ಮತ್ತೆ ಆಗ್ಲೇ ಮಾಡಿದ್ದಾರೆ. ಬೇರೆ ಏನಾದ್ರೂ ಬರೀರಿ."

ಹೊಡೆದುಹಾಕಿ, ಎಲ್ಲ ಮನಸ್ಸಿನ ಆಟ ಎಂದು ಬರೆದ. ಈಗ ಮೇಷ್ಟ್ರೇ ಎದ್ದು ಬಂದರು. ಆಟವಾಗಿದ್ದರೆ ಯಾವತ್ತೋ ಸೋಲೊಪ್ಪಿಕೊಂಡು ಮಲಗುತ್ತಿದ್ದೆ ಎಂದರು. ಅದೂ ಹೋಯಿತು.

೩
ಮೊದಲ ಡಾಕ್ಟರು ಅಲರ್ಜಿ ಟೆಸ್ಟ್ ಮಾಡಿಸಿ ಏನೂ ಇಲ್ಲ ಎಂದರು. ಏನೂ ಇಲ್ಲದ್ದಕ್ಕೆ ಚೀಟಿ ತುಂಬ ಮಾತ್ರೆ ಬರೆದರು. ಇನ್ನೊಬ್ಬ ಮಹಾಶಯ ಮೈಯೊಳಗಿನ ವಿಷ ತೆಗೆಯುತ್ತೇನೆಂದು ಉಪವಾಸ ಕೆಡವಿದ. ವಿಷ ಬರಲಿಲ್ಲ, ಪ್ಯಾಂಟು ಜಾರತೊಡಗಿತು. ಕೊನೆಗೆ ಸಿಕ್ಕ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಕಾರಣ ಖಚಿತವಾಗಿ ಗೊತ್ತಿಲ್ಲ, ವಾಸಿ ಮಾಡುವ ಗುಳಿಗೆಯೂ ಇಲ್ಲ. ಮನೆಯಲ್ಲಿ ಗಾಳಿಯಾಡಲಿ, ಘಾಟು ಕಡಿಮೆಯಾಗಲಿ, ಹೆದರಿ ಮೂಲೆ ಸೇರುವುದು ಬೇಡ, ಕೌನ್ಸೆಲಿಂಗಿನಿಂದಲೂ ಸ್ವಲ್ಪ ಹಗುರಾಗಬಹುದು ಎಂದರು.

"ಅಂದ್ರೆ ನಂಗೆ ತಲೆ ಕೆಟ್ಟಿದೆ ಅಂತೀರಾ?" ಮೇಷ್ಟ್ರು ಕೇಳಿದರು.

"ಕಾರಣ ಗೊತ್ತಿಲ್ಲ ಅಂದೆ. ನಿಮ್ಮ ಸಂಕಟ ಸುಳ್ಳು ಅನ್ನಲಿಲ್ಲ."

ಮೇಷ್ಟ್ರು ಅಲ್ಲೇ ಅತ್ತುಬಿಟ್ಟರು. (ಇದು ಪ್ಲಾನಿನಲ್ಲಿ ಇರಲಿಲ್ಲ. ಕಥೆಗಾರ ಒಂದು ಜೋಕು ತುರುಕಲು ಹೋದ. ಮೇಷ್ಟ್ರ ಹೆಂಡತಿ ದುರುಗುಟ್ಟಿ ನೋಡಿದಳು.)

೪
ಮುಕ್ತಾಯ ಒಂದು: ಪೂರ್ತಿ ವಾಸಿಯಾಯಿತು. (ಡಾಕ್ಟರಮ್ಮ ಒಪ್ಪುವುದಿಲ್ಲ.)

ಮುಕ್ತಾಯ ಎರಡು: ಹೆಂಡತಿ ಕೆಲಸ ಬಿಟ್ಟಳು. ("ನಾನ್ಯಾಕ್ರೀ ಬಿಡ್ಲಿ?")

ಇನ್ನೊಂದು: ಭಾನುವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಸ್ನಾನ ಮಾಡಿ, ಬರೀ ನೀರಲ್ಲಿ ಒಗೆದ ಬಟ್ಟೆ ಹಾಕಿಕೊಂಡು ಹಾಲಿನ ಬಾಗಿಲಲ್ಲಿ ನಿಂತಳು.

"ರೀ, ಬರ್ಲಾ?"

ಮೇಷ್ಟ್ರು ಸೋಫಾದಲ್ಲಿ ಪಕ್ಕಕ್ಕೆ ಸರಿದರು. ಅವಳು ಕೂತಳು. ಅವರಿಗೆ ಕೆಮ್ಮು ಬಂತು. ಅವಳು ಏಳಹೋದಳು. ಅವರು ಅವಳ ಕೈ ಹಿಡಿದುಕೊಂಡೇ ಕೆಮ್ಮಿದರು.

ಸೆಂಟಿನದೋ, ಶೀತದ್ದೋ ಎಂದು ಕಥೆಗಾರ ವಿಚಾರಿಸಿದ. ಕೆಮ್ಮು ಇನ್ನೂ ನಿಂತಿಲ್ಲ. ಕೈಯನ್ನೂ ಬಿಟ್ಟಿಲ್ಲ.